ಕೊನೆ ಗೊತ್ತಿದ್ದೂ ಓದುವುದೇಕೆ?

(ಚಿತ್ರದುರ್ಗದ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾದಂಬರಿ ಓದುವಾಗ ಕಥೆ ಮುಖ್ಯವೋ, ಪಾತ್ರ ಮುಖ್ಯವೋ ಎಂಬ ವಿಷಯದ ಮೇಲೆ ಮಾತಾಡಿ ಎಂದಿದ್ದೀರಿ. ಬೇರೆ ಊರಾಗಿದ್ದರೆ ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸಬೇಕಿತ್ತು. ದುರ್ಗದಲ್ಲಿ ಆ ಕಷ್ಟವಿಲ್ಲ. ಈ ಊರನ್ನು ಕುರಿತ ಬಹು ದೊಡ್ಡ ಕಾದಂಬರಿಯೊಂದು ತನ್ನ ಕೊನೆಯನ್ನು ಮುಖಪುಟದ ಮೇಲೇ ಬರೆದುಕೊಂಡಿದೆ. ತ.ರಾ.ಸು. ಅದಕ್ಕೆ ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟರು. ಪುಸ್ತಕ ತೆರೆಯುವ ಮೊದಲೇ ದುರ್ಗ ಬೀಳುತ್ತದೆ ಎಂದು ಓದುಗನಿಗೆ ಗೊತ್ತು. ಈ ಊರಿನವರಿಗಂತೂ ಇನ್ನೂ ಹೆಚ್ಚು ಗೊತ್ತು. ಜಾನಕಲ್ಲಿನಿಂದ ಬಂದ ಹುಡುಗನೊಬ್ಬ 1754ರಲ್ಲಿ ಪಟ್ಟವೇರಿದ. 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಹೋಯಿತು. ಮದಕರಿನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾದ. ಇದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಹಾಗಿದ್ದರೂ ಆ ದಪ್ಪ ಪುಸ್ತಕವನ್ನು ಊರವರು ಓದುತ್ತಲೇ ಬಂದಿದ್ದಾರೆ. ಒಮ್ಮೆ ಓದಿದವರು ಮತ್ತೆ ಓದುತ್ತಾರೆ. 1984ರಲ್ಲಿ ತ.ರಾ.ಸು. ತೀರಿಕೊಂಡರು; ಮರುವರ್ಷ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

‘ಮುಂದೇನಾಯಿತು’ ಎಂಬ ಕುತೂಹಲವೊಂದೇ ನಮ್ಮನ್ನು ಓದಿಸುವುದಾದರೆ ಈ ಪುಸ್ತಕವನ್ನು ಯಾರೂ ಮುಟ್ಟಬಾರದಿತ್ತು. ಮುಂದೇನಾಯಿತು ಎಂಬುದು ಕಲ್ಲಿನ ಕೋಟೆಯ ಹಾಗೆ ನಮ್ಮ ಕಣ್ಣೆದುರೇ ಇದೆ. ಹಾಗಾದರೆ ಏನನ್ನು ಹುಡುಕಿಕೊಂಡು ಓದುತ್ತೇವೆ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಓದುಗನಿಗೆ ಪಾತ್ರವೇ ಮುಖ್ಯ. ಪುಸ್ತಕ ಮುಚ್ಚಿ ವರ್ಷಗಳಾದ ಮೇಲೆ ಉಳಿಯುವುದು ಮನುಷ್ಯರು. ಘಟನೆಗಳ ಸರಪಳಿ ಅಲ್ಲಲ್ಲಿ ಕಳಚಿ ಹೋಗಿರುತ್ತದೆ. ಆದರೆ ಪಾತ್ರ ಎಂದರೆ ಏನು ಎಂಬುದರಲ್ಲಿ ನಾವು ಬಹಳ ಸಡಿಲವಾಗಿ ಯೋಚಿಸುತ್ತೇವೆ. ಆ ಸಡಿಲಿನಿಂದಲೇ ಈ ಜಗಳ ಮುಗಿಯದೆ ಉಳಿದಿದೆ ಎಂದು ನನಗನ್ನಿಸುತ್ತದೆ. ಇವತ್ತು ಅದನ್ನೇ ಸ್ವಲ್ಪ ಬಿಗಿಮಾಡಿ ನೋಡೋಣ.

ಹಳಬರ ಮಾತು ಮೊದಲು. ಗ್ರೀಸಿನ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕಕ್ಕೆ ಕಥಾವಸ್ತುವೇ ಆತ್ಮ ಎಂದ. ಪಾತ್ರಕ್ಕೆ ಎರಡನೆಯ ಜಾಗ ಕೊಟ್ಟ. ಕ್ರಿಯೆ ಇಲ್ಲದೆ ದುರಂತ ನಾಟಕ ಆಗಲಾರದು, ಪಾತ್ರಚಿತ್ರಣ ಇಲ್ಲದೆಯೂ ಆದೀತು ಎನ್ನುವಷ್ಟು ದೂರ ಹೋದ. ನಮ್ಮ ಕಡೆ ಭರತ ನಾಟ್ಯಶಾಸ್ತ್ರದಲ್ಲಿ ಇತಿವೃತ್ತವನ್ನು, ಅಂದರೆ ಕಥೆಯನ್ನು, ನಾಟ್ಯದ ಶರೀರ ಎಂದ. ಅಲ್ಲಿ ಆತ್ಮವಾದದ್ದು ಇಲ್ಲಿ ಮೈ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಇನ್ನೂ ನಿಷ್ಠುರ: ಬರೀ ಕಥೆ ನಿಭಾಯಿಸಿದರೆ ಕವಿಗೆ ಬಂದ ಭಾಗ್ಯವೇನು, ಆ ಕೆಲಸವನ್ನು ಇತಿಹಾಸವೇ ಮಾಡುತ್ತದಲ್ಲ ಎಂಬರ್ಥದ ಮಾತನ್ನು ಧ್ವನ್ಯಾಲೋಕದಲ್ಲಿ ಆಡಿದ. ಮದಕರಿಯ ಊರಿನಲ್ಲಿ ನಿಂತು ಈ ಮಾತನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1779 ಎಂಬ ಇಸವಿಯನ್ನು ಇತಿಹಾಸ ಕೊಟ್ಟಾಗಿತ್ತು. ತ.ರಾ.ಸು. ಕೊಡಬೇಕಾದದ್ದು ಬೇರೆ ಏನೋ ಇತ್ತು.

ಅದೇನು ಎಂಬುದಕ್ಕೆ ಶಾಸ್ತ್ರ ಬಿಟ್ಟು ಬಯಲಾಟಕ್ಕೆ ಬರೋಣ. ನಮ್ಮ ಸೀಮೆಯ ಮೂಡಲಪಾಯ ನೋಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ತೆರೆ ಸರಿದು ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುವ ಮೊದಲ ಮಾತು ಯಾವುದು? ತಾವು ಧಾರು, ಎಲ್ಲಿಂದ ಬಂದಿರಿ, ತಮ್ಮ ನಾಮಾಂಕಿತವೇನು! ಕಿರೀಟ, ಭುಜಕೀರ್ತಿ, ಬಣ್ಣ ನೋಡಿದರೇ ಇವನು ಕರ್ಣ ಎಂದು ಕೂತವರಿಗೆಲ್ಲ ಗೊತ್ತು. ಸಾರಥಿಗೂ ಗೊತ್ತು. ಆದರೂ ಕೇಳಲೇಬೇಕು. ವೇಷಧಾರಿ ಕುಣಿದು, ತನ್ನ ಕುಲ ಗೋತ್ರ ಪರಾಕ್ರಮವನ್ನೆಲ್ಲ ಹೊಗಳಿಕೊಂಡು ತಾನು ಇಂಥವನು ಎಂದು ಹೇಳಲೇಬೇಕು.

ಆ ಮೊದಲ ಉತ್ತರವನ್ನು ಯಾರೂ ಪೂರ್ತಿ ನಂಬುವುದಿಲ್ಲ ಎಂಬುದನ್ನು ಗಮನಿಸಿ. ವೇಷ ತನ್ನ ಬಾಯಿಂದ ತಾನೇ ಹೇಳಿಕೊಂಡ ಮಾತು ಅದು. ನಿಜವಾದ ಉತ್ತರ ಬೆಳಗಿನ ಜಾವಕ್ಕೆ ಬರುತ್ತದೆ. ಕೃಷ್ಣ ಬಂದು ಕರ್ಣನಿಗೆ, ನೀನು ಸೂತನ ಮಗನಲ್ಲ, ಕುಂತಿಯ ಹಿರಿಯ ಮಗ, ಬಾ, ರಾಜ್ಯ ನಿನ್ನದು ಎನ್ನುತ್ತಾನೆ. ‘ನೀನು ಯಾರು’ ಎಂಬ ಪ್ರಶ್ನೆಗೆ ಉತ್ತರವನ್ನು ಕೈಯಲ್ಲಿ ಹಿಡಿದು ತಂದು ಕೊಡುತ್ತಾನೆ. ಹುಟ್ಟು ಹೇಳುವ ಆ ಉತ್ತರವನ್ನು ಕರ್ಣ ಪಕ್ಕಕ್ಕಿಟ್ಟು, ಅನ್ನವಿಟ್ಟ ದೊರೆಯ ಜೊತೆ ಉಳಿಯುತ್ತಾನೆ. ಆಗ ಕರ್ಣ ಯಾರು ಎಂದು ನಮಗೆ ಗೊತ್ತಾಗುತ್ತದೆ. ಪಂಪನನ್ನು ನೆನೆಯಿರಿ. ಅವನ ಕಥಾನಾಯಕ ಅರ್ಜುನ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಬರೆದ ಕಾವ್ಯ ಅದು. ಕಥೆಯ ಗೆಲುವೆಲ್ಲ ಅರ್ಜುನನ ಪಾಲಿಗೆ. ಅಷ್ಟಾದರೂ ಪಂಪ, ಭಾರತದಲ್ಲಿ ಯಾರನ್ನಾದರೂ ಒಂದೇ ಚಿತ್ತದಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಎಂದುಬಿಟ್ಟ. ರನ್ನನಿಗೂ ಹೀಗೇ ಆಯಿತು. ಗದೆ ಗೆದ್ದದ್ದು ಭೀಮನದು, ಓದುಗನ ಎದೆಯಲ್ಲಿ ಉಳಿದವನು ದುರ್ಯೋಧನ. ಕಥೆ ಒಬ್ಬನನ್ನು ಗೆಲ್ಲಿಸುತ್ತಿರುವಾಗ ಪಾತ್ರ ಇನ್ನೊಬ್ಬನ ಕಡೆ ನಮ್ಮನ್ನು ಎಳೆದೊಯ್ಯಬಲ್ಲದು ಎಂಬುದನ್ನು ಕನ್ನಡ ತನ್ನ ಮೊದಲ ದೊಡ್ಡ ಕಾವ್ಯದಲ್ಲೇ ಕಂಡಿತ್ತು.

ನನ್ನ ಮಾತಿನ ತಿರುಳು ಇಷ್ಟೇ. ಕಥೆ ಎಂದರೆ ಮನುಷ್ಯನೊಬ್ಬನನ್ನು ‘ನೀನು ಯಾರು’ ಎಂದು ಕೇಳುವ ಬಗೆ. ಪಾತ್ರ ಎಂದರೆ ಅವನು ತನ್ನ ನಡೆಯಿಂದ ಕೊಡುವ ಉತ್ತರ. ನಾವು ಓದುವುದು ಉತ್ತರಕ್ಕಾಗಿ. ಕೇಳುವ ಬಗೆ ಜಾಳಾಗಿದ್ದರೆ ಉತ್ತರವೂ ಜಾಳು.

ಮದಕರಿಗೆ ಬಂದ ಪ್ರಶ್ನೆಯನ್ನೇ ನೋಡಿ. ಒಂದು ಕಡೆ ಪೇಶ್ವೆಗಳು, ಇನ್ನೊಂದು ಕಡೆ ಹೈದರಾಲಿ. ಇಬ್ಬರೂ ತನಗಿಂತ ದೊಡ್ಡವರು. ಇಬ್ಬರಿಗೂ ದುರ್ಗದ ಪಡೆ ಬೇಕು. ಒಬ್ಬರಿಗೆ ನೆರವು ಕೊಟ್ಟರೆ ಇನ್ನೊಬ್ಬರ ಹಗೆ ತಪ್ಪದು, ಯಾರಿಗೂ ಕೊಡೆ ಎಂದರೆ ಇಬ್ಬರದೂ ತಪ್ಪದು. ಇಂಥ ಇಕ್ಕಟ್ಟನ್ನು ತ.ರಾ.ಸು. ಕಲ್ಪಿಸಬೇಕಾಗಿರಲಿಲ್ಲ, ಇತಿಹಾಸವೇ ಒಡ್ಡಿತ್ತು. ಅವರು ಮಾಡಿದ್ದು, ಆ ಇಕ್ಕಟ್ಟಿನಲ್ಲಿ ನಿಂತ ಎಳೆಯ ನಾಯಕನ ಮುಖಕ್ಕೆ ಬೆಳಕು ಹಿಡಿದದ್ದು. ಯಾವ ಮಾತಿಗೆ ಅವನು ಬಾಗಿದ, ಯಾವ ಮಾತಿಗೆ ಸೆಟೆದ, ಯಾರನ್ನು ನಂಬಿದ ಎಂದು ನೋಡುತ್ತಾ ಹೋಗುತ್ತೇವೆ. ಕೋಟೆ ಬೀಳುತ್ತದೆ ಎಂದು ಗೊತ್ತಿದ್ದದ್ದರಿಂದಲೇ ಅವನ ಒಂದೊಂದು ನಿರ್ಧಾರದ ತೂಕ ಹೆಚ್ಚುತ್ತದೆ. ಕೊನೆ ಗೊತ್ತಿರುವುದು ಇಲ್ಲಿ ಓದಿಗೆ ಬಂದ ನಷ್ಟವೇ ಆಗಿಲ್ಲ.

ತ.ರಾ.ಸು. ಅವರದೇ ‘ಹಂಸಗೀತೆ’ಯಲ್ಲಿ ದಾರಿ ಇನ್ನೂ ಸೋಜಿಗದ್ದು. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ, ಆಳುವವನ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡ ಎಂಬ ಕಥೆ ಅದರ ನಡುವಿನಲ್ಲಿದೆ. ಜಿ.ವಿ. ಅಯ್ಯರ್ ಅದನ್ನು 1975ರಲ್ಲಿ ಸಿನಿಮಾ ಮಾಡಿದರು. ಅನಂತನಾಗ್ ಆ ಪಾತ್ರದಲ್ಲಿದ್ದರು. ಯೋಚಿಸಿ ನೋಡಿ, ಒಬ್ಬ ಗಾಯಕ ನಾಲಿಗೆ ಕತ್ತರಿಸಿಕೊಂಡ ಎಂಬುದು ಒಂದು ಸಾಲಿನ ಸಂಗತಿ. ಕೇಳಿದವರು ಅಯ್ಯೋ ಎಂದು ಮುಂದೆ ಹೋಗುತ್ತಾರೆ. ಆದರೆ ಎಂಥ ಮನುಷ್ಯ ಹಾಗೆ ಮಾಡಿಯಾನು? ಸಂಗೀತ ಅವನಿಗೆ ಏನಾಗಿದ್ದರೆ ನಾಲಿಗೆ ಅದಕ್ಕಿಂತ ಹಗುರಾದೀತು? ಒಂದು ಘಟನೆಯ ಭಾರ ಹೊರಬಲ್ಲ ಮನುಷ್ಯನನ್ನು ಹಿಂದಕ್ಕೆ ಹೋಗಿ ಕಟ್ಟಬೇಕು. ಅದು ಕಾದಂಬರಿಕಾರನ ಕೆಲಸ. ಮನುಷ್ಯ ಸಣ್ಣವನಾಗಿ ಬಂದರೆ ಘಟನೆ ಬರೀ ರಕ್ತಪಾತವಾಗಿ ಉಳಿಯುತ್ತದೆ.

ಇಲ್ಲಿ ನನ್ನ ನಿಲುವಿಗೆ ಎದುರಾಗಿ ನಿಲ್ಲುವ ಒಬ್ಬಳಿದ್ದಾಳೆ. ಓಬವ್ವ. ದುರ್ಗದ ಜನ ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆಯಲ್ಲಿ ಅವಳ ಬಗ್ಗೆ ಎಷ್ಟು ಗೊತ್ತು? ಕಾವಲಿನ ಕಹಳೆಯವನ ಹೆಂಡತಿ. ಗಂಡ ಊಟಕ್ಕೆ ಬಂದ. ಕುಡಿಯುವ ನೀರಿಗೆಂದು ತಣ್ಣೀರು ದೋಣಿಯ ಕಡೆ ಹೋದಳು. ಕಿಂಡಿಯಲ್ಲಿ ಶತ್ರುಗಳು ನುಸುಳುತ್ತಿರುವ ಸುಳಿವು ಸಿಕ್ಕಿತು. ಮನೆಯಲ್ಲಿದ್ದ ಒನಕೆ ತಂದು ನಿಂತಳು. ಅಷ್ಟೇ. ಅವಳು ನೋಡಲು ಹೇಗಿದ್ದಳು, ತವರು ಯಾವುದು, ಮನಸ್ಸಿನಲ್ಲಿ ಏನಿತ್ತು, ಒಂದೂ ಗೊತ್ತಿಲ್ಲ. ಬರೀ ಕ್ರಿಯೆ ಇದೆ, ವರ್ಣನೆ ಸೊನ್ನೆ. ಆದರೂ ದುರ್ಗದಲ್ಲಿ ಮದಕರಿಯಷ್ಟೇ, ಒಮ್ಮೊಮ್ಮೆ ಅವನಿಗಿಂತ ಹೆಚ್ಚಾಗಿ, ಬದುಕಿರುವವಳು ಅವಳು. ಅರಿಸ್ಟಾಟಲ್ ಇಲ್ಲಿದ್ದಿದ್ದರೆ, ನೋಡಿ, ನಾನು ಹೇಳಿದ್ದು ಇದನ್ನೇ ಎನ್ನುತ್ತಿದ್ದ.

ಅವನ ಮಾತಿನಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಆದರೆ ಆ ಕಥೆಯಲ್ಲಿ ನಮ್ಮನ್ನು ಹಿಡಿಯುವ ಕ್ಷಣ ಯಾವುದು ಎಂದು ಕೇಳಿಕೊಳ್ಳಿ. ಗಂಡ ಒಳಗೆ ಉಣ್ಣುತ್ತಿದ್ದಾನೆ. ಅವನನ್ನು ಕೂಗಬಹುದಿತ್ತು. ಕೂಗಲಿಲ್ಲ. ಉಣ್ಣುವವನನ್ನು ಎಬ್ಬಿಸಲಾರದ ಮನಸ್ಸು, ಹೊತ್ತು ಮೀರುತ್ತದೆಂಬ ಎಚ್ಚರ, ತನ್ನ ತೋಳಿನ ಮೇಲಿನ ನಂಬಿಕೆ, ಯಾವುದು ಅವಳನ್ನು ನಡೆಸಿತು ಎಂದು ಕಥೆ ಹೇಳುವುದಿಲ್ಲ. ನಾವು ತುಂಬಿಕೊಳ್ಳುತ್ತೇವೆ. ಒಂದು ಆಯ್ಕೆಯಿಂದ ಇಡೀ ಹೆಂಗಸನ್ನು ಕಟ್ಟಿಕೊಳ್ಳುತ್ತೇವೆ. ಪಾತ್ರವೆಂದರೆ ಮೂಗು, ಕಣ್ಣು, ಸ್ವಭಾವಗಳ ಪಟ್ಟಿ ಎಂದು ತಿಳಿದವರಿಗೆ ಓಬವ್ವ ಪಾತ್ರವೇ ಅಲ್ಲ. ಆಯ್ಕೆ ಎಂದು ತಿಳಿದವರಿಗೆ ಅವಳಿಗಿಂತ ದೊಡ್ಡ ಪಾತ್ರ ಬೇಕಿಲ್ಲ.

ಓದುಗರು ಈ ಸಂಗತಿಯನ್ನು ಯಾರೂ ಹೇಳಿಕೊಡದೆ ಬಲ್ಲರು. ದಾವಣಗೆರೆಯಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ರಜೆ ಕಳೆಯುತ್ತಿದ್ದ ದಿನಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಆಗ ಬಾಡಿಗೆಗೆ ಕಾದಂಬರಿ ಕೊಡುವ ಲೈಬ್ರರಿಗಳಿದ್ದವು. ನೂರಾರು ಕೈ ದಾಟಿ ಬಂದ ಪುಸ್ತಕ. ದಪ್ಪ ರಟ್ಟು ಹಾಕಿ ಹೊಲಿದಿರುತ್ತಿದ್ದರು. ಚಿಕ್ಕಮ್ಮ ಓದಿ ಪಕ್ಕದ ಮನೆಯವರಿಗೆ ಕೊಡುವುದು, ಆಮೇಲೆ ಇಬ್ಬರೂ ಕೂತು ಮಾತಾಡುವುದು ರೂಢಿ. ಒಂದು ಸಲ ಬಂದ ಪುಸ್ತಕದಲ್ಲಿ ಕೊನೆಯ ಹಾಳೆಗಳೇ ಇರಲಿಲ್ಲ. ನಾಯಕಿ ಗಂಡನ ಮನೆಯ ಹೊಸಿಲ ಮೇಲೆ ನಿಂತಿದ್ದಾಳೆ, ಅಲ್ಲಿಗೆ ಹಾಳೆ ಹರಿದಿದೆ.

“ತವರಿಗೆ ಹೋಗಿರ್ತಾಳ ಬಿಡವ್ವಾ, ಇನ್ನೇನ್ ಮಾಡ್ತಾಳ” ಎಂದರು ಪಕ್ಕದ ಮನೆಯಾಕೆ.

ಚಿಕ್ಕಮ್ಮ ಒಪ್ಪಲಿಲ್ಲ. “ಆಕಿ ಹಂಗ ಹೋಗಾಕಿ ಅಲ್ಲಕ್ಕಾ. ತಮ್ಮನ ಮದುವಿಗೆ ಮೈಮೇಲಿನ ಒಡವಿ ಬಿಚ್ಚಿ ಕೊಟ್ಟಾಗ್ಲೂ ತವರಾಗ ಒಂದ್ ಮಾತು ಆಡ್ಲಿಲ್ಲ. ಅಂಥಾಕಿ ಈಗ ಪೆಟ್ಟಿಗಿ ಹಿಡಕಂಡು ಆ ಬಾಗ್ಲಾಗ ಹೋಗಿ ನಿಲ್ತಾಳಾ?”

ವಾದ ಸಂಜೆಯವರೆಗೂ ನಡೆಯಿತು. ಕಥೆಯ ಕೊಂಡಿ ಕಳಚಿದಾಗ ಅವರಿಬ್ಬರೂ ಕೈಹಾಕಿದ್ದು ಪಾತ್ರಕ್ಕೆ. ಚಿಕ್ಕಮ್ಮ ಕೊಟ್ಟ ಪುರಾವೆಯನ್ನೂ ನೋಡಿ. ಅವಳು ಸ್ವಾಭಿಮಾನಿ ಎಂದು ಹೇಳಿ ಸುಮ್ಮನಾಗಲಿಲ್ಲ. ಒಡವೆ ಬಿಚ್ಚಿಕೊಟ್ಟ ಸನ್ನಿವೇಶವನ್ನು ಮುಂದಿಟ್ಟರು. ಪಾತ್ರ ಅವರಿಗೆ ತಿಳಿದದ್ದು ಘಟನೆಯ ಮೂಲಕ. ಮುಂದಿನ ಘಟನೆಯನ್ನು ಊಹಿಸಿದ್ದು ಪಾತ್ರದ ಮೂಲಕ. ವಿಮರ್ಶೆಯ ಪುಸ್ತಕಗಳಲ್ಲಿ ಇಷ್ಟು ಚೊಕ್ಕವಾಗಿ ಈ ವಿಷಯವನ್ನು ಹೇಳಿದ್ದು ನಾನು ಕಡಿಮೆ ಕಂಡಿದ್ದೇನೆ.

ಈ ಕಾರಣಕ್ಕೇ ನಮ್ಮ ಪರೀಕ್ಷೆಗಳ ಬಗ್ಗೆ ನನಗೆ ಬೇಸರ. ‘ಇಂಥವರ ಗುಣಸ್ವಭಾವಗಳನ್ನು ವಿವರಿಸಿ’ ಎಂದು ಕೇಳುತ್ತೇವೆ. ಮಕ್ಕಳು ಧೈರ್ಯವಂತ, ದಯಾಳು, ಸತ್ಯವಂತ ಎಂದು ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಆ ವಿಶೇಷಣಗಳನ್ನು ಯಾರಿಗೆ ಬೇಕಾದರೂ ಅಂಟಿಸಬಹುದು. ಪಾತ್ರ ಎಂದರೆ ಇದೇ ಎಂದು ಕಲಿತ ಮಗು ಮುಂದೆ ಕಾದಂಬರಿ ಹಿಡಿದಾಗ ಕಥೆಯನ್ನಷ್ಟೇ ಓದಿ ಮುಗಿಸುವುದರಲ್ಲಿ ಆಶ್ಚರ್ಯವೇನಿದೆ?

ಈಗ ನಿಧಾನವಾಗಿ ಒಂದು ಕಾದಂಬರಿಯ ಒಳಗೆ ಹೋಗೋಣ. 1965ರಲ್ಲಿ ಬಂದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಇದನ್ನು ವಿಚಾರದ ಕಾದಂಬರಿ ಎಂದು ಓದುವುದೇ ರೂಢಿ. ನಾನು ಅದರ ಕಥೆಯ ಹೆಣಿಗೆಯನ್ನು ನೋಡಿ ಬೆರಗಾದವನು. ಆರಂಭದಲ್ಲೇ ನಾರಣಪ್ಪ ಸಾಯುತ್ತಾನೆ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದವನು, ಆದರೆ ಬಹಿಷ್ಕಾರ ಹಾಕಿಸಿಕೊಳ್ಳದೆ ಸತ್ತವನು. ಅವನ ಹೆಣವನ್ನು ಸಂಸ್ಕಾರ ಮಾಡುವವರು ಯಾರು? ದೂರ್ವಾಸಪುರದ ಅಗ್ರಹಾರದಲ್ಲಿ ಹೆಣ ಬಿದ್ದಿರುವಷ್ಟು ಹೊತ್ತು ಯಾರೂ ಉಣ್ಣುವಂತಿಲ್ಲ. ಪತ್ತೇದಾರಿ ಕಾದಂಬರಿಯೂ ನಾಚಬೇಕು, ಅಷ್ಟು ಬಿಗಿಯಾದ ಪ್ರಶ್ನೆ. ಒಂದು ಹೆಣ, ಒಂದು ಊರು, ಹಸಿವು, ಹೊತ್ತು ಏರುತ್ತಿದೆ.

ಆಮೇಲೆ ನಾರಣಪ್ಪನ ಜೊತೆ ಬಾಳಿದ ಚಂದ್ರಿ ಬರುತ್ತಾಳೆ, ತನ್ನ ಬಂಗಾರವನ್ನು ತಂದು ಸಂಸ್ಕಾರದ ಖರ್ಚಿಗೆಂದು ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ. ಆ ಒಂದು ನಡೆ ಎಷ್ಟು ಜನರನ್ನು ‘ನೀನು ಯಾರು’ ಎಂದು ಕೇಳಿತು ನೋಡಿ. ಅಲ್ಲಿಯವರೆಗೆ ಒಲ್ಲೆ ಎನ್ನುತ್ತಿದ್ದವರ ಕಣ್ಣು ಚಿನ್ನದ ಮೇಲೆ ಹೋಗುತ್ತದೆ. ಯಾರ ಗುಣವನ್ನೂ ಲೇಖಕರು ವಿವರಿಸಬೇಕಾಗಲಿಲ್ಲ. ಆಚಾರ್ಯರು ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ. ಮಾರುತಿಯ ಗುಡಿಗೆ ಹೋಗಿ ಪ್ರಸಾದಕ್ಕಾಗಿ ಕಾಯುತ್ತಾರೆ. ದೇವರು ಹೂ ಕೊಡುವುದಿಲ್ಲ. ಆ ರಾತ್ರಿ ಕಾಡಿನಲ್ಲಿ ಚಂದ್ರಿಯೊಂದಿಗೆ ಅವರ ಬದುಕು ತಿರುಗುತ್ತದೆ.

ನಾನು ಹೇಳಬೇಕೆಂದದ್ದು ಇದರ ಮುಂದಿನದು. ಹೆಣವನ್ನು ಯಾರು ಸುಡುತ್ತಾರೆ ಎಂಬ ಪ್ರಶ್ನೆಗೆ ಕಾದಂಬರಿಯ ನಡುವೆಯೇ ಉತ್ತರ ಸಿಕ್ಕಿಬಿಡುತ್ತದೆ. ಚಂದ್ರಿ ಊರವರ ತೀರ್ಪಿಗೆ ಕಾಯದೆ, ಒಬ್ಬ ಮುಸ್ಲಿಮನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಹೊರಟುಹೋಗುತ್ತಾಳೆ. ಅಗ್ರಹಾರಕ್ಕೆ ತಿಳಿಯದು, ಆಚಾರ್ಯರಿಗೆ ತಿಳಿಯದು, ಓದುಗನಿಗೆ ತಿಳಿದಿದೆ. ಕಥೆಯೇ ಮುಖ್ಯವಾಗಿದ್ದರೆ ನಾವು ಪುಸ್ತಕವನ್ನು ಅಲ್ಲಿಗೇ ಕೆಳಗಿಡಬೇಕಿತ್ತು. ಯಾರಾದರೂ ಇಟ್ಟಿದ್ದೀರಾ? ಅಲ್ಲಿಂದ ಮುಂದೆ ಓದು ಇನ್ನೂ ಬಿರುಸಾಗುತ್ತದೆ. ದಾರಿಯಲ್ಲಿ ಸಿಕ್ಕ ಮಾಲೇರ ಪುಟ್ಟನ ಜೊತೆ ಮೇಳಿಗೆಯ ತೇರಿಗೆ ಹೋಗುವ ಆಚಾರ್ಯರ ಹಿಂದೆ ಉಸಿರು ಬಿಗಿಹಿಡಿದು ನಡೆಯುತ್ತೇವೆ. ನಾರಣಪ್ಪನ ಸಂಸ್ಕಾರದ ಪ್ರಶ್ನೆ ಮುಗಿದಿದೆ; ಪ್ರಾಣೇಶಾಚಾರ್ಯರು ಯಾರು ಎಂಬ ಪ್ರಶ್ನೆ ಈಗಷ್ಟೇ ಶುರುವಾಗಿದೆ. ಕೊನೆಯಲ್ಲಿ ಅವರು ಊರಿಗೆ ಹಿಂತಿರುಗುವ ಗಾಡಿ ಹತ್ತಿದಾಗ, ಹೋಗಿ ಏನು ಹೇಳುತ್ತಾರೆ ಎಂಬುದು ತಿಳಿಯದೆಯೇ ಕಾದಂಬರಿ ಮುಗಿಯುತ್ತದೆ. ಕಥೆ ತೀರಿದ ಮೇಲೂ ಪಾತ್ರ ತೀರುವುದಿಲ್ಲ ಎನ್ನಲು ನನಗೆ ಇದಕ್ಕಿಂತ ಬಲವಾದ ಸಾಕ್ಷಿ ಗೊತ್ತಿಲ್ಲ.

ಆದರೆ ಆ ಬಿಗಿಯಾದ ಮೊದಲ ಪ್ರಶ್ನೆ ಇಲ್ಲದಿದ್ದರೆ ಎರಡನೆಯದು ಏಳುತ್ತಲೇ ಇರಲಿಲ್ಲ. ಹೆಣ ಬಿದ್ದಿರದಿದ್ದರೆ ಆಚಾರ್ಯರು ದಿನವೂ ಪ್ರವಚನ ಹೇಳಿಕೊಂಡು, ಕಾಯಿಲೆಯ ಹೆಂಡತಿಯ ಸೇವೆ ಮಾಡಿಕೊಂಡು ಪುಣ್ಯಾತ್ಮರಾಗಿಯೇ ಉಳಿಯುತ್ತಿದ್ದರು. ಅವರಿಗೂ ತಾವು ಯಾರೆಂದು ತಿಳಿಯುತ್ತಿರಲಿಲ್ಲ.

ಈಚೆಗೆ ಬರುವ ಎಷ್ಟೋ ಕಾದಂಬರಿಗಳ ಬಗ್ಗೆ ನನಗಿರುವ ತಕರಾರು ಇದೇ. ಪಾತ್ರವೇ ಮುಖ್ಯ ಎಂದು ನಂಬಿ ಬರೆಯುತ್ತಾರೆ. ಒಬ್ಬ ಮನುಷ್ಯ ಕಿಟಕಿಯ ಬಳಿ ಕೂತು ಯೋಚಿಸುತ್ತಾನೆ, ನೆನೆಯುತ್ತಾನೆ, ನಿಟ್ಟುಸಿರಿಡುತ್ತಾನೆ. ಅವನಿಗೆ ಯಾರೂ ಏನೂ ಕೇಳುವುದಿಲ್ಲ. ಏನನ್ನೂ ಬಿಟ್ಟುಕೊಡಬೇಕಾದ ಪ್ರಸಂಗ ಬರುವುದಿಲ್ಲ. ಅವನು ಸೂಕ್ಷ್ಮ ಮನಸ್ಸಿನವನು ಎಂದು ಲೇಖಕರು ಹೇಳಿದ್ದನ್ನು ನಾವು ನಂಬಬೇಕು, ಬಯಲಾಟದ ವೇಷದ ಮೊದಲ ಮಾತನ್ನು ನಂಬಿದ ಹಾಗೆ. ಬೆಳಗಿನ ಜಾವ ಬರುವುದೇ ಇಲ್ಲ.

ಹಾಗೆಂದು ದೊಡ್ಡ ಘಟನೆಯೇ ಬೇಕು ಎಂದು ನಾನು ಹೇಳುತ್ತಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಹುಂಜ ಕಳೆದುಹೋಗುತ್ತದೆ. ಒಂದು ಹುಂಜ! ಅವಳು ಅದನ್ನು ಹುಡುಕುವ ಪರಿಯಲ್ಲಿ ಆ ಮನೆಯ ಹಸಿವು, ಪ್ರೀತಿ, ಜಗಳ, ಗತ್ತು ಎಲ್ಲ ಬಯಲಾಗುತ್ತದೆ. ಕೇಳುವವನಿಗೆ ಕೇಳಲು ಬಂದರೆ ಹುಂಜವೂ ಸಾಕು. ಶಿವರಾಮ ಕಾರಂತರ ‘ಬೆಟ್ಟದ ಜೀವ’ದಲ್ಲೂ ಹೇಳಿಕೊಳ್ಳುವಂಥ ಕಥೆ ಇಲ್ಲ. ದಾರಿ ತಪ್ಪಿ ಬಂದವನು ಗೋಪಾಲಯ್ಯನವರ ಮನೆಯಲ್ಲಿ ಕೆಲವು ದಿನ ಉಳಿಯುತ್ತಾನೆ. ಮನೆ ಬಿಟ್ಟು ಹೋದ ಮಗನ ನೆನಪು ಆ ಮುದಿ ದಂಪತಿಗಳ ಒಂದೊಂದು ಉಪಚಾರದ ಹಿಂದೆಯೂ ಇದೆ. ಬಾರದ ಮಗನೇ ಅಲ್ಲಿ ಕೇಳುವವನು.

ಕಥೆಯ ಸೆಳೆತವನ್ನು ಕೀಳಾಗಿ ಕಾಣುವವರ ಜೊತೆಗೂ ನಾನಿಲ್ಲ. ವಾರಪತ್ರಿಕೆಗಳ ಧಾರಾವಾಹಿಗಳು ಎಷ್ಟು ಮನೆಗಳಿಗೆ ಓದು ತಂದವು! ‘ಮುಂದಿನ ವಾರಕ್ಕೆ’ ಎಂಬ ಸಾಲು ಎಷ್ಟು ಜನರನ್ನು ಓದುಗರನ್ನಾಗಿ ಮಾಡಿತು! ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಅಕ್ಷರದ ರುಚಿ ಹತ್ತಿಸಿಕೊಂಡವರು ನಮ್ಮ ಹಿಂದಿನ ತಲೆಮಾರಿನಲ್ಲಿ ಅಸಂಖ್ಯ. ಕೊಲೆ ಮಾಡಿದವರು ಯಾರು ಎಂಬ ಒಂದೇ ಎಳೆಯ ಮೇಲೆ ನಿಂತ ಪ್ರಕಾರ ಅದು. ಈಗ ಆ ಓದುಗರನ್ನು ಕೇಳಿ. ಯಾವ ಪುಸ್ತಕದಲ್ಲಿ ಕೊಲೆಗಾರ ಯಾರೆಂದು ಮರೆತಿರುತ್ತಾರೆ. ಪತ್ತೇದಾರ ಪುರುಷೋತ್ತಮ ಎಂದರೆ ಮುಖ ಅರಳುತ್ತದೆ. ಇಂಗ್ಲೆಂಡಿನಲ್ಲಿ ಕಾನನ್ ಡಾಯ್ಲ್ 1893ರಲ್ಲಿ ಷೆರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿ ಸಾಯಿಸಿದ. ಓದುಗರು ಒಪ್ಪಲಿಲ್ಲ. ಕೊನೆಗೆ 1903ರಲ್ಲಿ ಬದುಕಿಸಿಕೊಂಡು ಬರಬೇಕಾಯಿತು. ಒಗಟುಗಳಿಗೇನು, ಬೇರೆ ಪತ್ತೇದಾರನನ್ನು ಇಟ್ಟು ಬರೆಯಬಹುದಿತ್ತು. ಜನಕ್ಕೆ ಬೇಕಾದದ್ದು ಆ ಮನುಷ್ಯ.

ತೇಜಸ್ವಿಯವರ ‘ಕರ್ವಾಲೋ’ 1980ರದು. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ಹಿಡಿದ ಪುಸ್ತಕ ಬಿಡಲಾಗದು. ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತದೆ. ಕಥೆಯ ಲೆಕ್ಕದಲ್ಲಿ ಅದು ಸೋಲು. ನಮಗೆ ಮೋಸಹೋದೆವು ಅನ್ನಿಸುವುದಿಲ್ಲ. ಯಾಕೆಂದರೆ ಊರವರ ಕಣ್ಣಿಗೆ ಉಡಾಳನಾಗಿದ್ದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋ ಕಂಡದ್ದೇನು ಎಂಬುದು ಅಷ್ಟು ಹೊತ್ತಿಗೆ ನಮಗೆ ಸಿಕ್ಕಿರುತ್ತದೆ.

ಇನ್ನೊಂದು ಮಾತು. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗು ಬರುತ್ತದೆ. ನಂಜಮ್ಮನ ಮಗಳು, ಮಗ ಅದಕ್ಕೆ ಬಲಿಯಾಗುತ್ತಾರೆ, ಮುಂದೆ ಅವಳೂ ಬಲಿಯಾಗುತ್ತಾಳೆ. ಇದು ಯಾರ ಸ್ವಭಾವದಿಂದಲೂ ಹುಟ್ಟಿದ ಘಟನೆಯಲ್ಲ, ಹೊರಗಿನಿಂದ ಬಂದೆರಗಿದ್ದು. ಪಾತ್ರದಿಂದ ಹುಟ್ಟದ ಘಟನೆ ಕೃತಕ ಎಂದು ವಾದಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬದುಕಿನಲ್ಲಿ ಪ್ಲೇಗು ಹಾಗೆಯೇ ಬರುತ್ತದೆ. ಶ್ಯಾನುಭೋಗಿಕೆಯ ಲೆಕ್ಕವನ್ನು ಕೈಲಾಗದ ಗಂಡನ ಬದಲು ತಾನೇ ಬರೆದು ಸಂಸಾರ ಎಳೆದ ಹೆಂಗಸು, ಮಕ್ಕಳನ್ನು ಕಳೆದುಕೊಂಡ ಮೇಲೆ ಮರುದಿನ ಎದ್ದು ಏನು ಮಾಡಿದಳು, ಅಲ್ಲಿ ಕಾದಂಬರಿ ಇದೆ.

ಸಭಿಕರ ಪ್ರಶ್ನೆಗಳು

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: ಕೊನೆ ಗೊತ್ತಿದ್ದರೆ ನಷ್ಟವಿಲ್ಲ ಎಂದಿರಿ. ಹಾಗಾದರೆ ಯಾರಾದರೂ ಕಥೆಯ ಕೊನೆ ಮೊದಲೇ ಹೇಳಿಬಿಟ್ಟರೆ ನಮಗೆ ಸಿಟ್ಟು ಯಾಕೆ ಬರುತ್ತದೆ ಸರ್?

ಸಿಟ್ಟು ಬರಬೇಕಾದದ್ದೇ, ತಾಯಿ. ಮೊದಲ ಓದಿನ ಕುತೂಹಲ ಒಂದೇ ಸಲ ಸಿಗುವ ಸುಖ, ಅದನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಎರಡನೆಯ ಸಲ ಓದಿದಾಗ ಏನು ಉಳಿಯುತ್ತದೆ ಎಂದು ನೋಡು ಎನ್ನುವುದಷ್ಟೇ ನನ್ನ ಮಾತು. ನೀನು ಮತ್ತೆ ಮತ್ತೆ ಓದಿದ ಪುಸ್ತಕಗಳನ್ನು ಒಂದು ಕಡೆ ಇಡು, ಒಂದೇ ಸಲ ಓದಿ ಬಿಟ್ಟವನ್ನು ಇನ್ನೊಂದು ಕಡೆ ಇಡು. ನನಗಿಂತ ಚೆನ್ನಾಗಿ ಅವು ಹೇಳುತ್ತವೆ.

ನಿವೃತ್ತ ಮೇಷ್ಟರೊಬ್ಬರು ‘ನಾಗರಹಾವು’ ಪ್ರಸ್ತಾಪಿಸಿದರು. ಸಿನಿಮಾದ ರಾಮಾಚಾರಿಯನ್ನೇ ನಾವು ರಾಮಾಚಾರಿ ಎಂದುಕೊಂಡಿದ್ದೇವಲ್ಲ, ಅದು ಸರಿಯೇ ಎಂಬುದು ಅವರ ಪ್ರಶ್ನೆ.

ಪುಟ್ಟಣ್ಣ ಕಣಗಾಲರು 1972ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಚಿತ್ರ ಮಾಡಿದರು. ತ.ರಾ.ಸು. ಅವರಿಗೆ ಚಿತ್ರದ ರಾಮಾಚಾರಿ ಒಪ್ಪಿಗೆಯಾಗಲಿಲ್ಲ ಎಂಬುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಸಿನಿಮಾ ದೊಡ್ಡದು, ವಿಷ್ಣುವರ್ಧನ್ ಅದರಲ್ಲಿ ಬದುಕಿದ್ದಾರೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಘಟನೆಗಳನ್ನು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಸಾಗಿಸುವುದು ಸುಲಭ. ಅವುಗಳ ನಡುವಿನ ಮನುಷ್ಯ ದಾರಿಯಲ್ಲಿ ಬೇರೆಯವನಾಗಿಬಿಡುತ್ತಾನೆ. ಮೇಷ್ಟ್ರೇ, ಇಬ್ಬರು ರಾಮಾಚಾರಿಗಳಿದ್ದಾರೆ ಎಂದುಕೊಂಡು ಇಬ್ಬರನ್ನೂ ಓದೋಣ.

ಮತ್ತೊಬ್ಬರು ‘ಮಲೆಗಳಲ್ಲಿ ಮದುಮಗಳು’ ನೆನಪಿಸಿದರು. ಅಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಮೊದಲಲ್ಲೇ ಹೇಳಿದ್ದಾರೆ. ನಿಮ್ಮ ವಾದ ಅಲ್ಲಿ ಹೇಗೆ ನಿಲ್ಲುತ್ತದೆ?

ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಆ ಕಾದಂಬರಿಯಲ್ಲಿ ಒಂದೇ ದೊಡ್ಡ ಕಥೆಯನ್ನು ಹಿಡಿದು ಎಳೆಯಲು ಹೋದರೆ ಕೈಗೆ ಸಿಗುವುದಿಲ್ಲ, ಹತ್ತಾರು ಎಳೆಗಳು ಕಾಡಿನ ದಾರಿಗಳಂತೆ ಹರಡಿವೆ. ಆದರೆ ನಾಯಿಗುತ್ತಿಯ ‘ಹುಲಿಯ’ ಎಂಬ ನಾಯಿ ಹೊಳೆಯ ಪಾಲಾದಾಗ ಓದಿದವರೆಲ್ಲರಿಗೂ ಕರುಳು ಹಿಂಡಿದೆ. ನಾಯಿಗೂ ‘ನೀನು ಯಾರು’ ಎಂದು ಕೇಳಿ ಉತ್ತರ ಪಡೆದವರು ಕುವೆಂಪು. ಅಲ್ಲಿ ಎಲ್ಲರಿಗೂ ಆ ಪ್ರಶ್ನೆ ಕೇಳಲಾಗಿದೆ ಎಂಬ ಕಾರಣಕ್ಕೇ ಯಾರೂ ಅಮುಖ್ಯರಲ್ಲ.

ಕೊನೆಯ ಪ್ರಶ್ನೆ ಚಳ್ಳಕೆರೆ ಕಡೆಯ ಪ್ರೌಢಶಾಲೆಯ ಕನ್ನಡ ಮೇಡಂ ಅವರದು. ಗುಣಸ್ವಭಾವ ವಿವರಿಸಿ ಎಂದು ಕೇಳಬೇಡಿ ಅಂದಿರಿ. ಹಾಗಾದರೆ ನಾವು ಮಕ್ಕಳಿಗೆ ಏನು ಕೇಳಬೇಕು?

ಮೇಡಂ, ಪಾಠದಲ್ಲಿ ಒಂದು ನಿರ್ಧಾರ ಇದ್ದೇ ಇರುತ್ತದೆ. ಅದನ್ನು ಹೇಳಿ, ಇವರು ಹೀಗೆ ಮಾಡುತ್ತಾರೆ ಎಂದು ನಿನಗೆ ಮೊದಲು ಅನ್ನಿಸಿದ್ದು ಯಾವ ಪುಟದಲ್ಲಿ, ಯಾವ ಮಾತಿಗೆ ಎಂದು ಕೇಳಿ. ಪುಟದ ಸಂಖ್ಯೆ ಬರೆಯಲಿ, ಕಾರಣ ಬರೆಯಲಿ. ಗೈಡಿನಿಂದ ನಕಲು ಮಾಡಲು ಬರುವುದಿಲ್ಲ, ಪಾಠ ಓದಲೇಬೇಕಾಗುತ್ತದೆ. ಇಬ್ಬರು ಮಕ್ಕಳು ಬೇರೆ ಬೇರೆ ಪುಟ ಬರೆದರೆ, ಕಾರಣ ಸರಿಯಾಗಿದ್ದರೆ ಇಬ್ಬರಿಗೂ ಅಂಕ ಕೊಡಿ. ಆಮೇಲೆ ಒಂದು ಪೀರಿಯಡ್ ಬಿಟ್ಟುಕೊಟ್ಟು ಅವರಿಬ್ಬರನ್ನೂ ವಾದ ಮಾಡಲು ಬಿಡಿ.